ಎಕ್ಸ್‌ಪ್ರೆಸ್ ಮೇಷ್ಟ್ರ ವಿಡಿಯೋ ಪಾಠ

ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳುವ ಮೇಷ್ಟ್ರಿಗೆ ಮಕ್ಕಳು ಇಟ್ಟ ಹೆಸರು ಎಕ್ಸ್‌ಪ್ರೆಸ್. ಮಾತು ಹೊರಟಿತೆಂದರೆ ಯಾವ ಸ್ಟೇಷನ್ನಿನಲ್ಲೂ ನಿಲ್ಲುತ್ತಿರಲಿಲ್ಲ. ಅರ್ಧ ಅಕ್ಷರ ಬಾಯಿಂದ ಹೊರಬಿದ್ದರೆ ಇನ್ನರ್ಧ ಹೊಟ್ಟೆಗೇ.

ಆ ವರ್ಷ ಶಿಕ್ಷಕರೆಲ್ಲ ಒಂದೊಂದು ವಿಡಿಯೋ ಪಾಠ ಮಾಡಬೇಕು, ಮಾತಿನ ಜೊತೆ ಪರದೆಯ ಕೆಳಗೆ ಅಕ್ಷರಗಳೂ ಮೂಡಬೇಕು ಎಂದು ಹೆಡ್ ಮೇಡಂ ಹೇಳಿಬಿಟ್ಟರು. ಮೇಷ್ಟ್ರು ಅಡುಗೆಮನೆಯ ಡಬ್ಬಿಗಳಿಗೆ ಫೋನು ಒರಗಿಸಿ, ಜೀರ್ಣಾಂಗಗಳ ಪಾಠವನ್ನು ಒಂದೇ ಉಸಿರಿಗೆ ಒಪ್ಪಿಸಿದರು. ಮಾತು ಕೇಳಿ ತಾನಾಗಿಯೇ ಅಕ್ಷರ ಮೂಡಿಸುವ ಗುಂಡಿಯನ್ನು ಮಗಳು ತೋರಿಸಿಕೊಟ್ಟಳು.

"ಅಪ್ಪಾ, ಒಂದ್ಸಲ ಓದಿ ನೋಡಿ ಕಳಿಸಿ."

"ನಾನು ಹೇಳಿದ್ದನ್ನ ನಾನೇ ಏನು ಓದೋದು!" ಎಂದು ಮೇಷ್ಟ್ರು ಕಳಿಸಿಯೇ ಬಿಟ್ಟರು.

ಮರುದಿನ ತರಗತಿಯ ದೊಡ್ಡ ಪರದೆಯ ಮೇಲೆ ಪಾಠ ಶುರುವಾಯಿತು. ವಿಡಿಯೋದ ಮೇಷ್ಟ್ರು 'ಅನ್ನನಾಳದಲ್ಲಿ ಇಳಿಯುತ್ತದೆ' ಎಂದರೆ ಕೆಳಗೆ 'ಅಣ್ಣ ನಾಳೆ ಇಳಿಯುತ್ತಾನೆ' ಎಂದು ಮೂಡಿತು. ಜಠರ ಜಗಳವಾಯಿತು. ಸಣ್ಣ ಕರುಳಿನ ಕೊನೆಯ ಅಕ್ಷರ ಹೊಟ್ಟೆಗೆ ಹೋಗಿದ್ದರಿಂದ ಸಣ್ಣ ಕರುವೊಂದು ಪೂರ್ತಿ ಜೀರ್ಣವಾಯಿತು. ಮಕ್ಕಳು ಬೆಂಚು ಬಡಿದು ನಕ್ಕರು.

ಗದ್ದಲ ಕೇಳಿ ಹೆಡ್ ಮೇಡಂ ಬಾಗಿಲಿಗೆ ಬಂದರು. "ಏನ್ರೀ ಇದು? ಯಾರ ಅಣ್ಣ?"

ಮೇಷ್ಟ್ರ ಕಿವಿ ಕೆಂಪಾಯಿತು. ನಿಲ್ಲಿಸುವ ಗುಂಡಿಗೆ ತಡಕಾಡಿದರು. ವಿಡಿಯೋ ಮೊದಲಿನಿಂದ ಶುರುವಾಯಿತು. ಆಗಲೇ ಅವರ ಕಣ್ಣಿಗೆ ಬಿದ್ದದ್ದು: ಇಷ್ಟು ವರ್ಷಗಳಲ್ಲಿ ಈ ಪಾಠಕ್ಕೆ ಯಾರೂ ಆಕಳಿಸದೆ ಕೂತದ್ದು ಇದೇ ಮೊದಲು.

"ಇದು ತಪ್ಪು ಹುಡುಕೋ ಪಾಠ ಮೇಡಂ," ಎಂದುಬಿಟ್ಟರು. "ಯಾರು ಹೆಚ್ಚು ಹುಡುಕ್ತಾರೋ ನೋಡೋಣ ಅಂತ."

ಮಕ್ಕಳು ಮುಗಿಬಿದ್ದರು. ಪಠ್ಯಪುಸ್ತಕ ತೆರೆದು ಒಂದೊಂದೇ ಪದ ತಾಳೆ ನೋಡಿದರು, ಜಗಳವಾಡಿದರು, ಮತ್ತೆ ಹಾಕಿ ಎಂದು ಗೋಗರೆದರು. ಆ ಸಲದ ಪರೀಕ್ಷೆಯಲ್ಲಿ ಅನ್ನನಾಳ ತಪ್ಪಿದವರೇ ಇಲ್ಲ. ಮೇಷ್ಟ್ರೂ ಮನೆಯಲ್ಲಿ ಬಾಗಿಲು ಹಾಕಿಕೊಂಡು ಫೋನಿಗೆ "ಜ... ಠ... ರ" ಎಂದು ಬಿಡಿಸಿ ಬಿಡಿಸಿ ಹೇಳತೊಡಗಿದರು. ಅದು ಸರಿಯಾಗಿ ಬರೆದ ದಿನ ಹಿಗ್ಗಿ ಮಗಳನ್ನು ಕೂಗಿ ಕರೆದರು.

ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಕನ್ನಡ ಪಾಠದ ಟೀಚರ್ ಮೇಷ್ಟ್ರನ್ನು ಪಕ್ಕಕ್ಕೆ ಕರೆದರು. ಈ ಟೀಚರ್ ಮಾತೆಂದರೆ ಗಂಟೆ ಹೊಡೆದಷ್ಟು ಸ್ಪಷ್ಟ.

"ಸಾರ್, ನನ್ನ ವಿಡಿಯೋದಲ್ಲಿ ಒಂದು ಕೊಂಬೂ ತಪ್ಪಿಲ್ಲ. ಒಬ್ಬರೂ ನೋಡ್ತಿಲ್ಲ! ಸ್ವಲ್ಪ ಅಕ್ಷರ ನುಂಗೋದು ಹೇಗೆ ಅಂತ ಹೇಳ್ಕೊಡ್ತೀರಾ?"

ಮೇಷ್ಟ್ರು ಗಂಭೀರವಾಗಿ ಕುರ್ಚಿ ಎಳೆದುಕೊಟ್ಟರು.

"ಕೂತ್ಕೊಳ್ಳಿ ಟೀಚರ್. ಮೊದಲು, ಬಸ್ಸು ತಪ್ಪೋದರಲ್ಲಿದೆ ಅಂದ್ಕೊಳ್ಳಿ."