ಬಲೂನು ಊದಿದ ಕೈಗಳು

ಹಿಂದಿನಿಂದ ಬಂದು ಕಣ್ಣು ಮುಚ್ಚಿದ ಈ ಅಂಗೈಗಳು ಯಾರವೆಂದು ಕೇಳಬೇಕೇ, ಪಕ್ಕದ ಮೇಜಿನ ಗೆಳತಿಯವೇ, ಇಡೀ ಕಚೇರಿಯಲ್ಲಿ ಇಷ್ಟು ಬೆಚ್ಚಗಿನ ಕೈ ಇನ್ಯಾರಿಗಿದೆ, ಯಾರು ಹೇಳೇ ನೋಡೋಣ, ನೀನೇ ಕಣೇ, ಬಿಡು, ಆದರೆ ಇದೇನು ವಾಸನೆ, ಪುಡಿಪುಡಿ, ಹೊಸ ಚಪ್ಪಲಿಯ ಡಬ್ಬಿ ತೆರೆದ ಹಾಗೆ — ಕೈ ಸರಿಯಿತು, ಮೇಜಿನ ಸುತ್ತ ಕೆಂಪು ಹಳದಿ ನೀಲಿ ಬಲೂನು, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾರೆ, ನನಗೆ ಬಡ್ತಿ ಸಿಕ್ಕಿತಲ್ಲ, ಅದಕ್ಕೆ, ಅಯ್ಯೋ, ಬಲೂನೆಂದರೂ ರಬ್ಬರೇ ಅಲ್ಲವೇನೇ, ರಬ್ಬರು ನನಗೆ ಅಲರ್ಜಿ ಎಂದು ಹೇಳಿದ್ದೆನಲ್ಲ, ಹಲ್ಲಿನ ಡಾಕ್ಟರು ಗ್ಲೌಸು ತೊಟ್ಟ ಬೆರಳು ಬಾಯಿಗಿಟ್ಟದ್ದೇ ತಡ ತುಟಿ ಊದಿ ಬದನೆಕಾಯಿ, ಉಸಿರು ಕಟ್ಟಿ ಆಸ್ಪತ್ರೆ, ಕೇಳಿ ಇವಳೇ ಅತ್ತಿದ್ದಳು, ಇವಳೇ ನನ್ನ ಡ್ರಾಯರಿನಿಂದ ರಬ್ಬರ್ ಬ್ಯಾಂಡನ್ನೆಲ್ಲ ಹೆಕ್ಕಿ ಹೆಕ್ಕಿ ತೆಗೆದವಳು, ಇನ್ನು ನಿನ್ನ ಕೂದಲೂ ಕೊಂಕಲ್ಲ ನೋಡು, ಮ್ಯಾನೇಜರ್ ನಕ್ಕಿದ್ದರು, ರಬ್ಬರ್ ಸ್ಟಾಂಪ್ ಹೊಡೆಯೋ ಕೆಲಸಾನೂ ತಪ್ತು ಬಿಡಿ ನಿಮಗೆ — ರೆಪ್ಪೆ ಭಾರ, ಸುಡುತ್ತಿದೆ, ನೀರು ಸುರಿಯುತ್ತಿದೆ, ಪಾಪ ಅಳ್ತಿದಾರೆ, ಆನಂದಬಾಷ್ಪ ಕಣ್ರೀ, ಎರಡು ಮಾತಾಡಿ ಮೇಡಂ, ಅಲ್ಲ, ಆನಂದವಲ್ಲ, ಗಂಟಲು, ಗಂಟಲೊಳಗೆ ಯಾರೋ ಬಲೂನು ಊದುತ್ತಿದ್ದಾರೆ, ಮಾತು ಹೊರಡುತ್ತಿಲ್ಲ, ಬೆಳಿಗ್ಗೆ ಬಾಗಿಲಲ್ಲಿ ಅಮ್ಮ, ಡಾಕ್ಟ್ರು ಕೊಟ್ಟ ಅಲರ್ಜಿ ಸೂಜಿ ಇಟ್ಕೊಂಡ್ಯೇನೇ, ಇಟ್ಕೊಂಡೆ ಕಣಮ್ಮ, ಎಷ್ಟು ಸಲ ಕೇಳ್ತೀಯ, ಚೀಲ, ಚೀಲ ಎಲ್ಲಿ, ಮೇಜಿನ ಕೆಳಗೆ, ಬಾಚಣಿಗೆ, ಬೀಗದ ಕೈ, ಇಗೋ ಸೂಜಿ, ಮುಚ್ಚಳ ಕಿತ್ತು ಬಟ್ಟೆಯ ಮೇಲಿಂದಲೇ ತೊಡೆಗೆ ಚುಚ್ಚು, ಒತ್ತಿ ಹಿಡಿ, ಬಿಡಬೇಡ — ಚಪ್ಪಾಳೆ ನಿಂತಿತು.

ನೆಲ ತಣ್ಣಗಿದೆ, ಯಾವಾಗ ಬಿದ್ದೆನೋ, ಎದೆ ಡವಡವ, ಕಿಟಕಿ ತೆಗೀರಿ, ಬಲೂನ್ ಆಚೆ ಹಾಕ್ರಿ, ಅಯ್ಯೋ ಇಲ್ಲೇ ಒಡೀಬೇಡ್ರಿ, ಮ್ಯಾನೇಜರ್ ಫೋನಿನಲ್ಲಿ ಆಂಬುಲೆನ್ಸಿನವರಿಗೆ ನಮ್ಮದೇ ಕಚೇರಿಯ ವಿಳಾಸ ತೊದಲುತ್ತಿದ್ದಾರೆ, ಹೊರಟರಂತೆ, ಬರ್ತಾರಂತೆ, ಉಸಿರು — ನೂಲಿನೆಳೆಯಷ್ಟು — ಬಂತು, ಇನ್ನೊಂದು ಬಂತು, ಬದುಕಿದೆ ಕಣೇ, ಅಳಬೇಡ ಎನ್ನಬೇಕು, ನಾಲಿಗೆ ಏಳುತ್ತಿಲ್ಲ, ಊದಿದ ರೆಪ್ಪೆಯ ಸಂದಿಯಲ್ಲಿ ಅವಳು, ಮಂಡಿಯೂರಿ, ನಾನೇ ಕಣೇ, ಬೆಳಿಗ್ಗೆ ಬೇಗ ಬಂದು ನಾನೇ ಊದಿದ್ದು ಎಲ್ಲಾನೂ, ಹೊಳೀಲೇ ಇಲ್ಲ ಕಣೇ ನಂಗೆ, ನನ್ನ ಕೆನ್ನೆ ಒರೆಸಲು ಬಾಗಿದಳು, ಬೆಂಕಿ ತಾಕಿದವಳ ಹಾಗೆ ತಟ್ಟನೆ ಹಿಂದೆ ಸರಿದಳು, ಎಲ್ಲಿಡುವುದೆಂದು ತಿಳಿಯದೆ ಗಾಳಿಯಲ್ಲಿ ಎತ್ತಿ ಹಿಡಿದ ಎರಡು ಕೈ, ಬೆರಳ ಸಂದಿಯಲ್ಲಿ ಬಲೂನಿನ ಬಿಳಿ ಪುಡಿ, ನನ್ನಿಂದ ಒಂದೇ ಗೇಣು ದೂರ, ಮುಟ್ಟದೆ, ಆ ಕೈಗಳು —