ಬಿಳಿ ಬಳಿದ ಪುಟಗಳು

ಆರ್ಲಿಸ್ ತನ್ನ ಗಂಡ ಓರಿನ್‌ನನ್ನು ಮೊದಲ ಸಲ ಲೈಬ್ರರಿಗೆ ಕರೆದುಕೊಂಡು ಬಂದ ದಿನ ಸರೋವರದ ಕಡೆಯಿಂದ ಕೆಟ್ಟ ಗಾಳಿ ಬೀಸುತ್ತಿತ್ತು. ಅದಿರು ತುಂಬಿದ ಹಡಗುಗಳು ಬಂದರಿನಿಂದ ಹೊರಡಲಾಗದೆ ನಿಂತಿದ್ದವು. ನಾವು ಗುರುವಾರದ ಹೆಂಗಸರು ನೆಲಮಾಳಿಗೆಯ ಕೋಣೆಯಲ್ಲಿ ಉದ್ದನೆಯ ಮೇಜಿಗೆ ಹಳೆ ಪತ್ರಿಕೆ ಹಾಸಿ, ಅಂಟು, ಕತ್ತರಿ, ಬಣ್ಣಗಳನ್ನು ಹರಡಿಕೊಂಡು ಕೂತಿದ್ದೆವು. ಆರ್ಲಿಸ್ ಬಾಗಿಲಲ್ಲೇ ನಿಂತು, ಗಂಡನ ಕೋಟಿನ ತೋಳು ಹಿಡಿದುಕೊಂಡು, ಅನುಮತಿ ಕೇಳುವವಳ ಹಾಗೆ ನಮ್ಮನ್ನೆಲ್ಲ ನೋಡಿದಳು.

"ಇನ್ಮೇಲೆ ಇವನನ್ನ ಒಬ್ಬನೇ ಬಿಟ್ಟು ಬರೋಕಾಗಲ್ಲ. ಹೋದ ವಾರ ಒಲೆ ಉರಿಯೋಕೆ ಬಿಟ್ಟು ನಡ್ಕೊಂಡು ಹೋಗ್ಬಿಟ್ಟಿದ್ದ. ಒಂದು ಮೂಲೇಲಿ ಕೂತಿರ್ತಾನೆ. ನಿಮಗೇನೂ ತೊಂದರೆ ಇಲ್ವಲ್ಲ?"

"ಗಂಡಸರು ಬರಬಾರದು ಅಂತ ಬೋರ್ಡೇನೂ ಹಾಕಿಲ್ಲ," ಎಂದಳು ಡೆಲೋರಿಸ್. ಅವಳು ಶಾಲಾ ಬಸ್ಸು ಓಡಿಸಿ ನಿವೃತ್ತಳಾದವಳು, ಮಾತಿನಲ್ಲಿ ಯಾರಿಗೂ ಸೋಲುವವಳಲ್ಲ. "ಆದ್ರೆ ಕಾಫಿ ಅವನೇ ಬಗ್ಗಿಸ್ಕೋಬೇಕು."

ಓರಿನ್ ಅವಳ ಲೋಟದೊಳಗೆ ಇಣುಕಿ ನೋಡಿದ. "ಇದು ಕಾಫೀನಾ? ಬ್ರಷ್ಷು ತೊಳೆದ ನೀರು ಅಂದ್ಕೊಂಡೆ."

ಎಲ್ಲರೂ ನಕ್ಕೆವು. ಆರ್ಲಿಸ್‌ಗೆ ಎಷ್ಟು ಸಮಾಧಾನವಾಯಿತೆಂದರೆ, ಅವಳು ಕೋಟು ಬಿಚ್ಚುವುದನ್ನೂ ಮರೆತು ಕೂತುಬಿಟ್ಟಳು.

ನಾವು ಅಲ್ಲಿ ಮಾಡುತ್ತಿದ್ದದ್ದು ಚಿತ್ರದಿನಚರಿ. ಲೈಬ್ರರಿಯವರು ಬೇಡವೆಂದು ತೆಗೆದುಹಾಕಿದ ದಪ್ಪ ರಟ್ಟಿನ ಪುಸ್ತಕವೊಂದನ್ನು ಆರಿಸಿಕೊಳ್ಳುವುದು. ಅಂಟಿಸುವ ವಸ್ತುಗಳಿಗೆ ಜಾಗವಾಗಲೆಂದು ನಡುನಡುವೆ ಹಾಳೆ ಹರಿದು ತೆಗೆಯುವುದು. ಉಳಿದ ಪುಟಗಳಿಗೆ ಜೆಸ್ಸೊ ಎಂಬ ಮಂದ ಬಿಳಿ ಬಣ್ಣ ಬಳಿಯುವುದು. ಗೋಡೆಗೆ ಪ್ರೈಮರ್ ಇದ್ದ ಹಾಗೆ ಕಾಗದಕ್ಕೆ ಅದು. ಹಳೆಯ ಅಚ್ಚಿನ ಅಕ್ಷರಗಳು ಮುಚ್ಚಿಹೋಗಿ ಪುಟ ಹೊಸದಾಗುತ್ತದೆ. ಅದರ ಮೇಲೆ ಚಹಾದಲ್ಲಿ ನೆನೆಸಿ ಒಣಗಿಸಿದ ಕಾಗದ, ಹರಿದ ಭೂಪಟ, ಬಟ್ಟೆಯ ಚೂರು, ದಾರದ ಹೊಲಿಗೆ, ಮೇಣದ ಬಳಪ, ಶಾಯಿ, ಯಾರಿಗೆ ಏನು ತೋಚುತ್ತದೋ ಅದು. ಡೆಲೋರಿಸ್ ಹಳೆ ಬಸ್ಸಿನ ಟಿಕೆಟುಗಳನ್ನು ಅಂಟಿಸುತ್ತಿದ್ದಳು. ನಾನು, ಸೈಮಾ, ನನ್ನ ಅಮ್ಮ ಬಟ್ಟೆ ಕತ್ತರಿಸಲು ಇಟ್ಟುಕೊಂಡಿದ್ದ ಅಳತೆಯ ಕಾಗದಗಳನ್ನು.

ಆರ್ಲಿಸ್‌ಳ ಪುಸ್ತಕ ನಮ್ಮೆಲ್ಲರದಕ್ಕಿಂತ ದಪ್ಪಗೆ ಊದಿಕೊಂಡಿತ್ತು. ಮುಚ್ಚಿದರೆ ಮುಚ್ಚಿಕೊಳ್ಳುತ್ತಿರಲಿಲ್ಲ, ಶೂ ಲೇಸಿನಿಂದ ಕಟ್ಟಿಡುತ್ತಿದ್ದಳು. ಡಾಕ್ಟರು ಓರಿನ್‌ನ ಮರೆವಿನ ಕಾಯಿಲೆಗೆ ಹೆಸರು ಹೇಳಿದ ವಾರವೇ ಅದನ್ನು ಶುರುಮಾಡಿದ್ದು. ಅವನು ಆಡಿದ ಯಾವುದೋ ಒಂದು ಮಾತನ್ನು ಪುಟದ ನಡುವೆ ಶಾಯಿಯಲ್ಲಿ ಬರೆಯುತ್ತಿದ್ದಳು. ಸುತ್ತ ಸೌದೆಯಿಂದ ಕಿತ್ತ ಬರ್ಚ್ ಮರದ ತೊಗಟೆ, ಅವನ ಹಳೆ ಅಂಗಿಯ ಜೇಬು, ಅವನು ಗಿರಾಕಿಗಳಿಗೆ ತೋರಿಸುತ್ತಿದ್ದ ಬಣ್ಣದ ಪಟ್ಟಿಗಳು. ಒಂದು ಪುಟದಲ್ಲಿ, "ಹಿಮ ಬೀಳೋ ಸದ್ದು ನಿನಗೆ ಕೇಳಿಸಲ್ವಾ? ನನಗೆ ಕೇಳಿಸುತ್ತೆ." ಇನ್ನೊಂದರಲ್ಲಿ, "ನನ್ನ ಟೋಪಿ ನನಗಿಂತ ಮೊದಲೇ ಮನೆ ಬಿಟ್ಟು ಹೋಗಿದೆ."

"ಇದನ್ನೆಲ್ಲ ಯಾಕೆ ಬರ್ಕೋತೀಯ? ನಾನೇನು ಪಾದ್ರೀನಾ?" ಎಂದು ಅವನು ರೇಗಿಸುತ್ತಿದ್ದ.

"ನೀನು ಮರೀತೀಯ, ಅದಕ್ಕೆ," ಎನ್ನುತ್ತಿದ್ದಳು.

ಓರಿನ್ ಮನೆಗಳಿಗೆ ಬಣ್ಣ ಹೊಡೆಯುತ್ತಿದ್ದವನು. ಗುಡ್ಡದ ಮೇಲಿನ ಅರ್ಧ ಮನೆಗಳು ಅವನ ಕೈ ಕಂಡಿದ್ದವು. ಬಂದ ಎರಡನೇ ವಾರವೋ ಏನೋ, ಡೆಲೋರಿಸ್ ತನ್ನ ಪುಟಕ್ಕೆ ಬಿಳಿ ಬಳಿಯುವುದನ್ನು ನೋಡುತ್ತಾ ಕೂತವನು ತಡೆಯಲಾಗದೆ ಎದ್ದು ಬಂದ.

"ಏನದು, ಬ್ರೆಡ್ಡಿಗೆ ಬೆಣ್ಣೆ ಸವರ್ತಿದ್ದೀಯಾ? ಕೊಡು ಇಲ್ಲಿ."

"ತಗೋ ಮಹಾರಾಯ. ಸಂಬಳ ಮಾತ್ರ ಕೇಳಬೇಡ."

ಅವನು ಬ್ರಷ್ಷಿನ ತುದಿಯನ್ನಷ್ಟೇ ಅದ್ದಿ, ಡಬ್ಬಿಯ ಅಂಚಿಗೆ ಒರೆಸಿ, ಒಂದೇ ದಿಕ್ಕಿಗೆ ಎಳೆದ. ಪುಟ ಮೊಟ್ಟೆಯ ಸಿಪ್ಪೆಯ ಹಾಗೆ ನುಣುಪಾಯಿತು. ಒಣಗಿದ ಮೇಲೆ ಅಡ್ಡಡ್ಡ ಇನ್ನೊಂದು ಕೋಟು ಹೊಡೆದ. ಅಂದಿನಿಂದ ನಮ್ಮೆಲ್ಲರ ಪುಸ್ತಕಗಳಿಗೂ ಬಿಳಿ ಬಳಿಯುವುದು ಅವನ ಕೆಲಸವಾಯಿತು. ಗುರುವಾರ ಬೆಳಿಗ್ಗೆ ತಾನೇ ಎದ್ದು ಬಿಳಿಯ ಕೆಲಸದ ಪ್ಯಾಂಟು ಹಾಕಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದನಂತೆ. ಹೆಂಡತಿಯ ತಂಗಿಯ ಹೆಸರು ಮರೆತವನು, ಬ್ರಷ್ಷು ಕೈಗೆ ಬಂದರೆ ಏನನ್ನೂ ಮರೆಯುತ್ತಿರಲಿಲ್ಲ.

"ವಾರದಲ್ಲಿ ಆ ಎರಡು ಗಂಟೆ ಅವನು ಅವನಾಗಿರ್ತಾನೆ ಸೈಮಾ," ಎಂದು ಆರ್ಲಿಸ್ ಕಾರಿನ ಹಿಮ ಕೆರೆಯುತ್ತಾ ನನಗೆ ಹೇಳಿದ್ದಳು.

ಕ್ರಿಸ್‌ಮಸ್ಸಿಗೆ ಡೆಲೋರಿಸ್ ಅವನಿಗೆ ಒಂದು ದೊಡ್ಡ ಡಬ್ಬಿ ಜೆಸ್ಸೊ, ಒಂದು ಒಳ್ಳೆಯ ಬ್ರಷ್ಷು ತಂದುಕೊಟ್ಟಳು. ಡಬ್ಬಿಗೆ ಕೆಂಪು ರಿಬ್ಬನ್ ಕಟ್ಟಿತ್ತು. "ಮನೇಲೂ ಕೆಲಸ ಇರ್ಲಿ ಮೇಸ್ತ್ರಿಗೆ," ಎಂದಳು. ಓರಿನ್ ಡಬ್ಬಿಯನ್ನು ಎದೆಗೆ ಅವಚಿಕೊಂಡು ಮನೆಗೆ ಹೋದ.

ಆ ಚಳಿಗಾಲದಲ್ಲಿ ಅವನ ಮರೆವು ಬೇಗ ಬೇಗ ಹೆಚ್ಚತೊಡಗಿತು. ಜನವರಿಯಲ್ಲಿ ನನ್ನನ್ನು ಯಾವಾಗಲೋ ಸತ್ತುಹೋದ ತನ್ನ ಅಕ್ಕನ ಹೆಸರಿನಿಂದ ಕರೆದ. ಫೆಬ್ರವರಿಯಲ್ಲಿ ಆರ್ಲಿಸ್‌ಗೆ ವಿಪರೀತ ಜ್ವರ ಬಂತು. ನಾನು ಬಟಾಣಿ ಸೂಪು, ಏಲಕ್ಕಿ ಹಾಕಿದ ಬ್ರೆಡ್ಡು ಮಾಡಿಕೊಂಡು ಹೋಗಿ ಅವರ ಬಾಗಿಲ ಹೊರಗಿಟ್ಟು ಬರುತ್ತಿದ್ದೆ. "ಒಳಗೆ ಬರಬೇಡ, ನಿನಗೂ ಅಂಟುತ್ತೆ. ಓರಿನ್ ಗಲಾಟೆ ಮಾಡ್ತಿಲ್ಲ, ಒಳ್ಳೆಯವನಾಗಿದ್ದಾನೆ," ಎಂದು ಮಹಡಿಯ ಕಿಟಕಿಯಿಂದಲೇ ಹೇಳಿ ಕಳಿಸುತ್ತಿದ್ದಳು.

ಜ್ವರ ಬಿಟ್ಟ ದಿನ ಮಧ್ಯಾಹ್ನ ಅವಳ ಫೋನು ಬಂತು.

"ಬಾ," ಎಂದಳು. ಅಷ್ಟೇ.

ಹೋಗಿ ನೋಡಿದರೆ ಆರ್ಲಿಸ್ ರಾತ್ರಿ ಉಡುಪಿನಲ್ಲೇ ಮೆಟ್ಟಿಲ ಮೇಲೆ ಕೂತಿದ್ದಳು. ಅಡುಗೆಮನೆಯಲ್ಲಿ ಬಣ್ಣದ ವಾಸನೆ. ಮೇಜಿನ ಮೇಲೆ ಅಚ್ಚುಕಟ್ಟಾಗಿ ಪತ್ರಿಕೆ ಹಾಸಿತ್ತು. ಅದರ ಮೇಲೆ ಅವಳ ಪುಸ್ತಕ ಬೀಸಣಿಗೆಯ ಹಾಗೆ ಬಿಚ್ಚಿಕೊಂಡು ನಿಂತಿತ್ತು. ಪುಟಕ್ಕೆ ಪುಟ ಅಂಟದಿರಲೆಂದು ನಡುನಡುವೆ ಮೇಣದ ಕಾಗದ. ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಎರಡೂ ಕಡೆ, ಬಿಳಿ. ಒಂದು ಅಕ್ಷರ ಕಾಣುತ್ತಿರಲಿಲ್ಲ. ಪುಸ್ತಕ ಸಣ್ಣದಾಗಿಬಿಟ್ಟಿತ್ತು. ತೊಗಟೆ, ಬಟ್ಟೆ, ದಾರ, ಬಣ್ಣದ ಪಟ್ಟಿ, ಯಾವುದೂ ಇರಲಿಲ್ಲ.

"ಅಂಟಿಸಿದ್ದೆಲ್ಲ ಎಲ್ಲಿ?" ಎಂದೆ.

ಆರ್ಲಿಸ್ ಸೌದೆ ಒಲೆಯ ಕಡೆ ಕೈ ತೋರಿಸಿದಳು.

ಅವಳು ನಿಧಾನವಾಗಿ ಹೇಳಿದಳು. ಮೂರು ಹಗಲು ಅವಳು ಮಹಡಿಯ ಮೇಲೆ ಜ್ವರದ ಮಂಪರಿನಲ್ಲಿ ಮಲಗಿದ್ದಳು, ನಾನು ಬಂದಾಗಷ್ಟೇ ಕಿಟಕಿಯವರೆಗೆ ಏಳುತ್ತಿದ್ದಳು. ನಡುನಡುವೆ ಕೆಳಗೆ ಏನೋ ಕೆರೆಯುವ ಸದ್ದು ಕೇಳುತ್ತಿತ್ತು, ಕಿಟಕಿಯ ಹಿಮ ಕೆರೆಯುತ್ತಿದ್ದಾನೆ ಅಂದುಕೊಂಡಿದ್ದಳು. ಎದ್ದು ಕೆಳಗೆ ಬಂದಾಗ ಅವನು ಸಿಂಕಿನಲ್ಲಿ ಬ್ರಷ್ಷು ತೊಳೆಯುತ್ತಿದ್ದ. ಇವಳನ್ನು ನೋಡಿ ಮುಖ ಅರಳಿಸಿ, "ಬಹಳ ಕೆಟ್ಟುಹೋಗಿತ್ತು ಆರ್ಲಿಸ್, ಎಲ್ಲಾ ಸಿಪ್ಪೆ ಎದ್ದಿತ್ತು. ಕೆರೆದು, ಸ್ಯಾಂಡ್ ಪೇಪರ್ ಹಾಕಿ ತಿಕ್ಕಿ, ಎರಡು ಕೋಟು ಹೊಡೆದಿದ್ದೀನಿ. ಈಗ ಬಣ್ಣ ಹಿಡಿಯುತ್ತೆ ನೋಡು," ಎಂದನಂತೆ.

"ನಾನು ಹೊಡೆದೆ ಸೈಮಾ. ಕೆನ್ನೆಗೆ. ಎಷ್ಟು ಬಲ ಇತ್ತೋ ಅಷ್ಟೂ ಹಾಕಿ ಹೊಡೆದೆ."

ಓರಿನ್ ಮುಂದಿನ ಕೋಣೆಯಲ್ಲಿ, ಕುರ್ಚಿಯ ತುದಿಯಲ್ಲಿ, ಬಸ್ಸಿಗೆ ಕಾಯುವವನ ಹಾಗೆ ಕೂತಿದ್ದ. ಕೆನ್ನೆಯ ಮೇಲೆ ಬೆರಳು ಮೂಡಿತ್ತು. ನಾನು ಬಗ್ಗಿ ಮಾತನಾಡಿಸಿದಾಗ ನನ್ನ ಕೈ ಹಿಡಿದುಕೊಂಡು, ಬಾಗಿಲ ಕಡೆ ನೋಡುತ್ತಾ, ಪಿಸುದನಿಯಲ್ಲಿ ಹೇಳಿದ:

"ಒಳಗಿದ್ದಾಳಲ್ಲ, ಆ ಹೆಂಗಸು, ನನಗೆ ಹೊಡೆದಳು. ಯಾಕೆ ಅಂತಾನೇ ಗೊತ್ತಿಲ್ಲ. ನೀನು ಆರ್ಲಿಸ್‌ಗೆ ಒಂದು ಫೋನ್ ಮಾಡ್ತೀಯಾ? ಬಂದು ನನ್ನನ್ನ ಮನೆಗೆ ಕರ್ಕೊಂಡು ಹೋಗ್ಲಿ."

ಆರ್ಲಿಸ್ ಹಜಾರದಲ್ಲಿ ನಿಂತು ಅದನ್ನು ಕೇಳಿಸಿಕೊಂಡಳು. ಮೇಲೆ ಹೋಗಿ ಬಟ್ಟೆ ಬದಲಿಸಿಕೊಂಡು ಬಂದು, ಅವನಿಗೆ ಊಟ ಬಿಸಿ ಮಾಡಿದಳು. ತಟ್ಟೆ ಹಿಡಿದು ಹತ್ತಿರ ಹೋದಾಗ ಅವನು ಮುಖಕ್ಕೆ ಅಡ್ಡ ಕೈ ಹಿಡಿದ.

ಮಾರನೆಯ ದಿನ ಡೆಲೋರಿಸ್ ಒಂದು ಬಾಟಲಿ ಸ್ಪಿರಿಟ್ಟು, ಹತ್ತಿಯ ಉಂಡೆಗಳನ್ನು ತಂದಳು. ಯಾವುದಾದರೂ ಒಂದು ಪುಟವನ್ನಾದರೂ ಉಳಿಸಬಹುದೇನೋ ಎಂದು ಮೂವರೂ ಮೇಜಿಗೆ ಕೂತೆವು. ಡೆಲೋರಿಸ್ ಉಜ್ಜಿದಳು. ಬಿಳಿ ಕರಗಿ ಬೂದಿಯಂತಾಯಿತು, ಅದರಡಿಯಿಂದ ಶಾಯಿಯ ಒಂದು ನೀಲಿ ಕಲೆ ಎದ್ದು ಹರಡಿಕೊಂಡಿತು. ಇನ್ನೂ ಉಜ್ಜಿದಾಗ ಕಾಗದವೇ ನೆನೆದು ಹರಿಯಿತು.

"ಸಾಕು ಬಿಡು," ಎಂದಳು ಆರ್ಲಿಸ್.

"ಇನ್ನೊಂದು ಪುಟ ನೋಡೋಣ ಇರು. ಇದು ನೆನೆದಿತ್ತು, ಅದಕ್ಕೇ..."

"ಡೆಲೋರಿಸ್, ಸಾಕು."

ಡೆಲೋರಿಸ್ ಹತ್ತಿ ಕೆಳಗಿಟ್ಟಳು. ಆ ಡಬ್ಬಿ ಇನ್ನೂ ಸಿಂಕಿನ ಪಕ್ಕದಲ್ಲೇ ಇತ್ತು. ಅವಳು ಅದನ್ನು ನೋಡಿ, ಕೋಟು ಹಾಕಿಕೊಂಡು ಹೊರಟುಹೋದಳು. ಆಮೇಲೆ ಬಹಳ ಗುರುವಾರಗಳು ಅವಳು ಬರಲಿಲ್ಲ. ಮಂಡಿ ನೋವು ಎಂದು ಹೇಳಿಕಳಿಸಿದಳು.

ಓರಿನ್‌ನ ಹೆದರಿಕೆ ಹೋಗಲಿಲ್ಲ. ಹೊಡೆದದ್ದನ್ನು ಅವನು ಮರೆತ, ಹೆದರುವುದನ್ನು ಮರೆಯಲಿಲ್ಲ. ಆರ್ಲಿಸ್ ಒಳಗೆ ಬಂದರೆ ಕುರ್ಚಿಗೆ ಅಂಟಿಕೊಳ್ಳುತ್ತಿದ್ದ. ಮೈ ಒರೆಸಲು ಬಿಡುತ್ತಿರಲಿಲ್ಲ. ಒಂದು ಬೆಳಿಗ್ಗೆ, ಅವಳು ಬಟ್ಟೆ ಒಗೆಯಲು ಕೆಳಗಿಳಿದಿದ್ದಾಗ, ಚಪ್ಪಲಿಯಲ್ಲೇ ಹಿಮದೊಳಗೆ ನಡೆದುಹೋದ. ಅಂಚೆ ಹಂಚುವವಳು ಚರ್ಚಿನ ಹಿಂದೆ ಅವನನ್ನು ಕಂಡು ವ್ಯಾನಿಗೆ ಹತ್ತಿಸಿಕೊಂಡಳು. ಎಲ್ಲಿಗೆ ಹೊರಟಿದ್ದೆ ಎಂದು ಕೇಳಿದ್ದಕ್ಕೆ, "ಹೆಂಡತಿ ಕಾಯ್ತಿದ್ದಾಳೆ," ಎಂದನಂತೆ. ಎಡಗಾಲಿನ ಎರಡು ಬೆರಳು ಚಳಿಗೆ ಮರಗಟ್ಟಿ ಕಪ್ಪಾಗಿದ್ದವು.

ಆಸ್ಪತ್ರೆಯಿಂದ ಅವನನ್ನು ನೇರವಾಗಿ ಆರೈಕೆ ಮನೆಗೆ ಸೇರಿಸಿದರು. ಸರೋವರದ ಹಿಮ ಒಡೆದು ಮೊದಲ ಹಡಗು ಹೊರಡುವ ಹೊತ್ತಿಗೆ ಅವನು ಅಲ್ಲಿಗೆ ಒಗ್ಗಿಹೋಗಿದ್ದ. ಅಲ್ಲಿ ಆರ್ಲಿಸ್‌ಳನ್ನು ಕಂಡರೆ ಹೆದರುತ್ತಿರಲಿಲ್ಲ. ದಿನಾ ಬರುವ ಯಾರೋ ಒಬ್ಬ ಮರ್ಯಾದಸ್ಥ ಹೆಂಗಸು ಎಂದುಕೊಂಡಿದ್ದ. "ಬನ್ನಿ, ಕೂತ್ಕೊಳ್ಳಿ," ಎನ್ನುತ್ತಿದ್ದ. ಜೀವಮಾನವಿಡೀ ನೀನು ಎಂದವನು ಹಾಗೆ ಬಹುವಚನ ಹಚ್ಚಿ ಕರೆದಾಗ ಅವಳು ಕಿಟಕಿಯ ಕಡೆ ತಿರುಗಿಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಅವಳು ಅವನ ಮಾತುಗಳನ್ನು ನೆನಪಿನಿಂದ ಮತ್ತೆ ಬರೆಯಲು ನೋಡಿದ್ದಳು. ಕೆಲವು ನನಗೂ ನೆನಪಿದ್ದವು, ಹೇಳಿದೆ. ಆದರೆ ಅವಳು ಪೆನ್ನು ಹಿಡಿದು ಸುಮ್ಮನೆ ಕೂರುತ್ತಿದ್ದಳು. "ಹಿಮದ ಸದ್ದು ಕೇಳಿಸಲ್ವಾ ಅಂದನೋ, ಕೇಳಿಸ್ತಾ ಅಂದನೋ? ನಾನೇ ಕಟ್ಟಿಕೊಂಡು ಬರೆದುಬಿಟ್ಟರೆ ಅದು ಅವನ ಮಾತಲ್ಲ, ನನ್ನದಾಗುತ್ತೆ," ಎಂದಳು. ಬರೆಯಲಿಲ್ಲ.

ಮೇ ತಿಂಗಳಲ್ಲಿ ಒಂದು ದಿನ ನಾನೂ ಅವಳ ಜೊತೆ ಹೋಗಿದ್ದೆ. ಅವಳು ಚೀಲದಿಂದ ಆ ಬಿಳಿ ಪುಸ್ತಕ ತೆಗೆದು ಅವನ ತೊಡೆಯ ಮೇಲಿಟ್ಟಳು. ಅವನು ಬಿಡಿಸಿ, ಪುಟದ ಮೇಲೆ ಅಂಗೈ ಆಡಿಸಿದ. ಬೆಳಕಿಗೆ ಓರೆಯಾಗಿ ಹಿಡಿದು ನೋಡಿದ.

"ಒಳ್ಳೆ ಕೆಲಸ. ಬ್ರಷ್ಷಿನ ಗೆರೆ ಕೂಡ ಕಾಣ್ತಿಲ್ಲ. ಯಾರು ಮಾಡಿದ್ದು?"

"ನನ್ನ ಗಂಡ," ಎಂದಳು ಆರ್ಲಿಸ್.

"ಮೇಲೆ ಬಣ್ಣ ಬೇಗ ಹಚ್ಚೋಕೆ ಹೇಳಿ ಅವನಿಗೆ. ಪ್ರೈಮರ್ ಹಾಗೇ ಬಿಟ್ರೆ ಧೂಳು ಕೂತುಬಿಡುತ್ತೆ."

"ಹೇಳ್ತೀನಿ."

ಅವನಿಗೆ ಅದನ್ನು ಸವರುವುದು ಹಿತವೆನಿಸಿತ್ತು, ಹಾಗಾಗಿ ಪುಸ್ತಕವನ್ನು ಅಲ್ಲೇ ಬಿಟ್ಟು ಬಂದಳು. ಸೆಪ್ಟೆಂಬರಿನಲ್ಲಿ ನ್ಯುಮೋನಿಯ ಬಂದು ಓರಿನ್ ತೀರಿಕೊಂಡ. ಅವನ ಬಟ್ಟೆ, ಕನ್ನಡಕ, ಆ ಪುಸ್ತಕ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿ ಕೊಟ್ಟರು. ಆ ಚೀಲವನ್ನು ಅವಳು ಇನ್ನೂ ಬಿಚ್ಚಿಲ್ಲ.

ಮಣ್ಣು ಮಾಡಿದ ಕೆಲವು ವಾರಗಳ ಮೇಲೆ ಆರ್ಲಿಸ್ ಲೈಬ್ರರಿಗೆ ಬಂದಳು. ಅಂದು ಡೆಲೋರಿಸ್ ಕೂಡ ಇದ್ದಳು, ನಾನೇ ಹೋಗಿ ಎಳೆದು ತಂದಿದ್ದೆ. ಇಬ್ಬರೂ ಪಕ್ಕಪಕ್ಕ ಕೂತರು. ಡೆಲೋರಿಸ್ ತಲೆ ಎತ್ತದೆ ಹೇಳಿದಳು:

"ಆ ಹಾಳು ಡಬ್ಬಿ ನಾನು ಕೊಡಬಾರದಿತ್ತು."

"ಡಬ್ಬಿದೇನಿದೆ? ಇಲ್ಲದಿದ್ದರೆ ಗೋಡೆಯ ಬಣ್ಣ ಹುಡುಕಿ ತಂದಿರೋನು," ಎಂದಳು ಆರ್ಲಿಸ್. ಅವಳ ಕೈ ಮೇಜಿನ ಮೇಲಿನ ಒಂದು ಬಟ್ಟೆಯ ಚೂರನ್ನು ಮಡಿಸುತ್ತಾ ಬಿಡಿಸುತ್ತಾ ಇತ್ತು. "ಪುಸ್ತಕ ಹೋಯ್ತು ಅಂತ ನನಗೆ ಈಗ ಏನೂ ಅನ್ನಿಸಲ್ಲ ಡೆಲೋರಿಸ್. ಅವನು ಕೆಲಸ ಮುಗಿಸಿದ ಖುಷೀಲಿ ನನ್ನ ಕಡೆ ತಿರುಗಿದ್ದ. ನನ್ನ ಹೆಸರು ಹಿಡಿದು ಕರೆದಿದ್ದ. ಅದೇ ಕಡೇ ಸಲ ಅವನು ನನ್ನನ್ನ ಗುರುತು ಹಿಡಿದಿದ್ದು. ನಾನು ಅವನಿಗೆ ಕೊಟ್ಟಿದ್ದು ಏನು ನೋಡು."

ಡೆಲೋರಿಸ್ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

ಆರ್ಲಿಸ್ ಈಗಲೂ ಗುರುವಾರ ಬರುತ್ತಾಳೆ. ನಮಗೆ ಬಟ್ಟೆ ಕತ್ತರಿಸಿ ಕೊಡುತ್ತಾಳೆ, ಕಾಗದವನ್ನು ಚಹಾದಲ್ಲಿ ನೆನೆಸಿ ಹೀಟರಿನ ಮೇಲೆ ಒಣಹಾಕುತ್ತಾಳೆ, ಸೂಜಿಗೆ ದಾರ ಪೋಣಿಸುತ್ತಾಳೆ. ನಿನಗೂ ಒಂದು ಪುಸ್ತಕ ಆರಿಸಿಕೋ ಎಂದರೆ, ನೋಡೋಣ ಎನ್ನುತ್ತಾಳೆ.