ಬೂಸಾ ಬಕೆಟ್ಟಿನ ಸಂದರ್ಶನ

ಬಸವನಹುಳುವಿನ ಲೋಳೆಯ ಮೇಲೆ ಡಾಕ್ಟರೇಟ್ ಮುಗಿಸಿದ ಅರಿಸ್ತೇಯಾಗೆ ಎಲ್ಲೂ ಕೆಲಸ ಸಿಕ್ಕಿರಲಿಲ್ಲ. ಜೊತೆಗೆ ಓದಿದವರಲ್ಲಿ ಒಬ್ಬ ನಾರ್ವೆಯಲ್ಲಿ ಮೀನಿನ ಹೇನು ಹೆಕ್ಕುತ್ತಿದ್ದ, ಇನ್ನೊಬ್ಬಳು ಪ್ರವಾಸಿಗರನ್ನು ದೋಣಿ ಹತ್ತಿಸುತ್ತಿದ್ದಳು. ಇವಳು ಗ್ರೀಸಿನ ಕ್ರೀಟ್ ದ್ವೀಪದ ಹಳ್ಳಿಯಲ್ಲಿ ಗರಿಫಲ್ಯಾ ಚಿಕ್ಕಮ್ಮನ ಮನೆ ಸೇರಿ, ಅವಳ ಬಾಯಿಗೆ ಸಿಕ್ಕಿದ್ದಳು.

"ಅಷ್ಟು ವರ್ಷ ಓದಿ ಹುಳದ ಸಿಂಬಳ ಒರೆಸೋದು ಕಲ್ತೆಯಲ್ಲೇ," ಎನ್ನುವಳು ಚಿಕ್ಕಮ್ಮ. "ಟ್ಯೂಷನ್ನಾದ್ರೂ ಹೇಳ್ಕೊಡಬಾರ್ದಾ?"

ಕೊನೆಗೂ ಬಸವನಹುಳುವಿನ ಲೋಳೆ ಬೆರೆಸಿ ಮುಖದ ಸುಕ್ಕಿಗೆ ಹಚ್ಚುವ ಕ್ರೀಮ್ ತಯಾರಿಸುವ ಕಂಪನಿಯೊಂದಕ್ಕೆ ಲೋಳೆ ಬಲ್ಲವರು ಬೇಕಾದರು. ಅಲ್ಲಿನ ವರ್ದಾಕಿಸ್ ಎಂಬಾತ ಹುಳುಗಳನ್ನು ನೋಡಲು ತಾನೇ ಬರುತ್ತೇನೆಂದ. ಅರಿಸ್ತೇಯಾ ತಾನು ಬಣ್ಣದ ಚುಕ್ಕೆಯಿಟ್ಟು ಸಾಕಿದ್ದ ಹುಳುಗಳನ್ನೆಲ್ಲ ಬಕೆಟ್ಟಿಗೆ ತುಂಬಿದಳು. ಅವುಗಳಲ್ಲಿ ಯಾವ ಪ್ರಯೋಗಕ್ಕೂ ಜಪ್ಪಯ್ಯ ಎಂದರೂ ಕದಲದೆ, ಪ್ರಬಂಧದಿಂದಲೇ ಹೊರಬಿದ್ದ ಸೋಮಾರಿ 'ಧಣಿ'ಯೂ ಇತ್ತು. ಹೊಟ್ಟೆ ಹಸಿಯದಿರಲೆಂದು ಮೇಲೊಂದಿಷ್ಟು ಗೋಧಿ ಬೂಸಾ ಉದುರಿಸಿ, ಬಕೆಟ್ಟನ್ನು ಅಡುಗೆಮನೆ ಬಾಗಿಲಲ್ಲಿಟ್ಟು, ಅತಿಥಿಯನ್ನು ಕರೆತರಲು ಬಸ್ ನಿಲ್ದಾಣಕ್ಕೆ ಹೋದಳು.

ಆ ಊರಿನಲ್ಲಿ ಬಸವನಹುಳುವಿಗೆ ಬೂಸಾ ಹಾಕಿದ್ದಾರೆಂದರೆ ಅರ್ಥ ಒಂದೇ. ಹೊಟ್ಟೆ ಶುದ್ಧವಾಗಲಿ, ಆಮೇಲೆ ಬಾಣಲೆಗೆ ಬೀಳಲಿ.

ಇಬ್ಬರೂ ಬರುವಾಗ ರೋಸ್‌ಮೇರಿ, ವಿನೆಗರ್‌ಗಳ ಘಮ ಬೀದಿಗೇ ಬಂದು ಸ್ವಾಗತಿಸಿತು.

"ಚಿಕ್ಕಮ್ಮಾ, ಬಕೆಟ್ಟಲ್ಲಿದ್ದವು?"

"ತಟ್ಟೇಲಿವೆ. ನೀನೇ ಬೂಸಾ ಹಾಕಿಟ್ಟಿದ್ಯಲ್ಲ. ಓದಿದ್ರೂ ಅಷ್ಟು ಬುದ್ಧಿ ಉಳ್ಕೊಂಡಿದೆ ಅಂತ ಖುಷಿಯಾಯ್ತು. ಅದ್ಯಾಕೆ ಬಣ್ಣ ಬಳ್ದಿದ್ದೆ? ಉಜ್ಜಿ ಉಜ್ಜಿ ಕೈ ಬಿದ್ದೋಯ್ತು."

ಅರಿಸ್ತೇಯಾ ಬಕೆಟ್ಟನ್ನು ಬೋರಲು ಹಾಕಿ ನೋಡಿದಳು, ಉದುರಿದ್ದು ಬರೀ ಬೂಸಾ. ವರ್ದಾಕಿಸ್ ಮಾತ್ರ ಫೋರ್ಕ್ ಹಿಡಿದು ಕೂತ. ಒಂದನ್ನು ಚಿಪ್ಪಿನಿಂದೆಳೆದು ತಿಂದ, ಇನ್ನೊಂದನ್ನೂ ಎಳೆದ.

"ನಾನೂ ಡಾಕ್ಟರೇಟ್ ಮಾಡ್ದೋನೇ ಕಣಮ್ಮ. ನಕ್ಷತ್ರದ ಧೂಳು ನನ್ನ ವಿಷಯ. ಈಗ ಕ್ರೀಮ್ ಮಾರ್ತೀನಿ," ಎಂದು ಬಾಯಿ ಒರೆಸಿಕೊಂಡ. "ಅಡುಗೆ ಸೊಗಸಾಗಿದೆ. ಆದ್ರೆ ಜೀವ ಇರೋ ಹುಳ ನೋಡದೆ ಕೆಲಸ ಕೊಡೋದು ಹ್ಯಾಗೆ?"

ಅಷ್ಟರಲ್ಲಿ ಮೇಲೆ ತೂಗುಹಾಕಿದ್ದ ಈರುಳ್ಳಿ ಗೊಂಚಲಿನಿಂದ ಅವನ ಬೋಳುತಲೆಗೆ ಏನೋ ತಣ್ಣಗೆ ಬಿತ್ತು. ಧಣಿ. ಎಣ್ಣೆ ಕಾದ ವಾಸನೆಗೆ ಜನ್ಮದಲ್ಲೇ ಮೊದಲ ಬಾರಿ ಕಾಲ್ಕಿತ್ತಿತ್ತು.

"ಅಲ್ಲಾಡ್ಬೇಡಿ ಸಾರ್," ಎಂದಳು ಅರಿಸ್ತೇಯಾ.

ಧಣಿ ನೆತ್ತಿಯಿಂದ ಹಣೆಗೆ, ಹಣೆಯಿಂದ ಕೆನ್ನೆಗೆ ಗಾಂಭೀರ್ಯದಿಂದ ಇಳಿಯಿತು. ವರ್ದಾಕಿಸ್ ತಾಮ್ರದ ಬಾಣಲೆಯ ತಳದಲ್ಲಿ ಮುಖ ನೋಡಿಕೊಂಡ. ಹುಳು ನಡೆದ ದಾರಿಯಷ್ಟೂ ಮಿರಮಿರ ಮಿಂಚುತ್ತಿತ್ತು.

"ಸೋಮವಾರದಿಂದ ಬಾ. ಇವನನ್ನೂ ಕರ್ಕೊಂಡು ಬಾ. ಬೂಸಾ ಮಾತ್ರ ಬೇಡ."

ಅವನನ್ನು ಬಸ್ಸಿಗೆ ಬಿಟ್ಟು ಬಂದ ಅರಿಸ್ತೇಯಾ ಬಾಗಿಲಲ್ಲೇ ನಿಂತುಬಿಟ್ಟಳು. ಚಿಕ್ಕಮ್ಮ ಕಣ್ಣು ಮುಚ್ಚಿ ಕುರ್ಚಿಗೊರಗಿದ್ದಳು. ಧಣಿ ಅವಳ ಹಣೆಯ ಸುಕ್ಕುಗಳನ್ನು ಒಂದೊಂದಾಗಿ ದಾಟುತ್ತಿತ್ತು.

"ಬಾಗಿಲು ಹಾಕೇ," ಎಂದಳು ಚಿಕ್ಕಮ್ಮ, ತುಟಿ ಅಲ್ಲಾಡಿಸದೆ. "ಇನ್ನೊಂದು ಕೆನ್ನೆ ಬಾಕಿ ಇದೆ."